ಬಾಯಲ್ಲಿ ಹೇಳಿ ಬರೆಸಿದ ಪತ್ರಿಕೆಗಳು

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಬೆರಳು ನೋವೆಂದು, ಹೊಸ ಕಂಪ್ಯೂಟರ್ ಬಂದ ಮೇಲೆ ವಾರವಿಡೀ ಲಗ್ನಪತ್ರಿಕೆಗಳನ್ನು ಬಾಯಲ್ಲೇ ಹೇಳಿ ಟೈಪ್ ಮಾಡಿಸುತ್ತಿದ್ದೆ. ಒಂದು ತಪ್ಪೂ ಬರುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ವಧುವಿನ ಹೆಸರು ಹೇಳಿ, ನೀರು ಕುಡಿಯಲು ನಿಲ್ಲಿಸಿದೆ. ಪರದೆಯ ಮೇಲೆ ಅಕ್ಷರಗಳು ನಿಲ್ಲಲಿಲ್ಲ. ‘ದಾಕ್ಷಾಯಣಿ, ಸಾಕು, ಏಳು.’

ಅದು ನನ್ನ ಹೆಸರು. ಲೋಟ ಕೆಳಗಿಟ್ಟೆ. “ಯಾರು?” ಅಂದೆ.

‘ಯಾರು’ ಎಂದು ಮೂಡಿತು. ಅದರ ಕೆಳಗೆ, ‘ಕುರ್ಚಿ ಬಿಡು.’

ಎದ್ದು ಗೋಡೆಗೆ ಒತ್ತಿಕೊಂಡೆ. ಖಾಲಿ ಕುರ್ಚಿ, ಯಾರೋ ಕೂತಂತೆ, ಉಸ್ಸೆಂದು ನಾಲ್ಕು ಬೆರಳು ಕೆಳಗಿಳಿಯಿತು.

ಓಡಿಹೋಗಿ ರಿಪೇರಿಯ ಪ್ರಸನ್ನಕುಮಾರನನ್ನು ಕರೆತಂದೆ. ಅವನು ತಂತಿಗಳನ್ನೆಲ್ಲ ನೋಡಿ, “ತಮಾಷೆ ಮಾಡ್ತಿದ್ದೀರಾ ಅಕ್ಕಾ? ಇದಕ್ಕೆ ಮೈಕೇ ಇಲ್ಲ. ನೀವು ಹೇಳಿದ್ದು ಇದಕ್ಕೆ ಕೇಳ್ಸೋದೇ ಇಲ್ಲ” ಅಂದ.

ಆ ವಾರದ ಒಂಬತ್ತು ಮದುವೆಗಳ ಪತ್ರಿಕೆಗಳು ಆಗಲೇ ಅಚ್ಚಾಗಿ ಮನೆಮನೆಗೆ ಹೋಗಿದ್ದವು.