ಆಂಟಿವೈರಸ್ ಬಿಡದ ಆಟ

"ಮತ್ತೆ ಬಂದ್ರಾ?"

ಕಂಪ್ಯೂಟರ್ ರಿಪೇರಿಯವಳು ಹುಬ್ಬು ಗಂಟಿಕ್ಕಿದಳು. ತುಟಿಯಂಚಿನ ನಗು ಮಾತ್ರ ಅವಳ ಮಾತು ಕೇಳಲಿಲ್ಲ.

"ಏನ್ಮಾಡ್ಲಿ? ಆಂಟಿವೈರಸ್ ನನ್ನ ಕಾರ್ ರೇಸನ್ನ ಮತ್ತೆ ಹಿಡಿದು ಒಳಗೆ ಹಾಕಿದೆ," ಎಂದ ಎದುರು ಸಾಲಿನ ಕನ್ನಡಕದಂಗಡಿಯವನು, ಲ್ಯಾಪ್‌ಟಾಪನ್ನು ಕೂಸಿನಂತೆ ಎತ್ತಿಕೊಂಡು.

"ನೀವು ಕಾರ್ ಓಡಿಸೋ ಚೆಂದ ನೋಡಿ ಹಿಡಿದಿರ್ಬೇಕು."

"ಹಾಗಾದ್ರೆ ಪಕ್ಕದಲ್ಲಿ ಕೂತು ಕಲಿಸಿಕೊಡಿ."

ಅವಳು ಸರಕ್ಕನೆ ಪರದೆಯತ್ತ ತಿರುಗಿದಳು. ಕಿವಿ ಕೆಂಪಗಾಯಿತು. ಆ ಕೆಂಪು ನೋಡಲೆಂದೇ ಪುಣ್ಯಾತ್ಮ ಬಂದಿದ್ದು!

ನಿಜ ಹೇಳಬೇಕೆಂದರೆ, ಅವಳು ಮೊದಲ ಸಲವೇ ಸರಿಮಾಡಿದ್ದಳು. ಆಂಟಿವೈರಸ್ ಆ ಆಟವನ್ನು ವೈರಸ್ಸೆಂದು ತಪ್ಪು ತಿಳಿದು ತಡೆಯುತ್ತಿತ್ತು. ಆಟದ ಫೋಲ್ಡರಿಗೆ ವಿನಾಯಿತಿ ಕೊಟ್ಟು, ಇದರ ತಂಟೆಗೆ ಹೋಗಬೇಡ ಎಂದು ಅದಕ್ಕೆ ಹೇಳಿಟ್ಟಿದ್ದಳು. ಆದರೆ ಇವನು ಮನೆಗೆ ಹೋಗಿ ಆ ವಿನಾಯಿತಿಯನ್ನು ತಾನೇ ಅಳಿಸಿದ. ಆಟ ಮತ್ತೆ ಸಿಕ್ಕಿಬಿತ್ತು, ಇವನಿಗೆ ಮತ್ತೆ ಅವಳ ಬಳಿ ಬರಲು ನೆಪ ಸಿಕ್ಕಿತು. ಊರವರ ಕಣ್ಣೆಲ್ಲ ಪರೀಕ್ಷೆ ಮಾಡುವವನು ಒಬ್ಬಳ ಕಣ್ಣು ನೋಡಿ ಮಾತಾಡಲು ಇಷ್ಟು ಒದ್ದಾಡಬೇಕೇ? ಒದ್ದಾಡಿದ. ವಾರ ವಾರವೂ ಅಳಿಸಿದ, ಶನಿವಾರ ಶನಿವಾರ ಬಂದ.

ಇವತ್ತು ಅವಳ ಬೆರಳುಗಳು ಕೀಬೋರ್ಡಿನ ಮೇಲೆ ಸುಮ್ಮನೆ ನಿಂತವು.

"ಇದು ನನ್ನ ಕೈಲಿ ಆಗಲ್ಲ. ಬೇರೆ ಕಡೆ ತೋರಿಸಿ," ಎಂದಳು. ಅಂಗಡಿ ಅವಳ ಸೋದರಮಾವನದು. "ಮಾವ ಇನ್ನೊಂದು ಹೊಸ ಅಂಗಡಿ ತೆಗೀತಿದಾರೆ, ಅದನ್ನ ನನಗೆ ವಹಿಸ್ತೀನಿ ಅಂದಿದ್ರು. ನಿನ್ನೆ ಬೇರೆಯವರಿಗೆ ಕೊಟ್ಬಿಟ್ರು. 'ಒಂದೇ ಲ್ಯಾಪ್‌ಟಾಪ್ ಎಷ್ಟು ಸಲ ವಾಪಸ್ ಬರುತ್ತೆ? ಒಂದು ಆಟ ಸರಿಮಾಡೋಕಾಗಲ್ಲ, ನೀನು ಅಂಗಡಿ ನಡೆಸ್ತೀಯಾ?' ಅಂದ್ರು. ನಾಳೆಯಿಂದ ಕೌಂಟರ್‌ನಲ್ಲಿ ಕೂತು ಚಾರ್ಜರ್ ಮಾರ್ಬೇಕು ನಾನು."

ಅವನು ಇನ್ನು ಮುಚ್ಚಿಡದೆ ಹೇಳಿಬಿಟ್ಟ.

"ನೀವು ಸರಿಯಾಗೇ ಮಾಡಿದ್ರಿ. ಪ್ರತಿ ಸಲ ಆ ವಿನಾಯಿತಿನ ನಾನೇ ಅಳಿಸ್ತಿದ್ದೆ. ನಿಮ್ಮನ್ನ ನೋಡೋಕೆ. ನೀವಂದ್ರೆ ನನಗೆ ಪ್ರಾಣ."

ಅವಳು ಪರದೆ ಬಿಟ್ಟು ಅವನತ್ತ ತಿರುಗಿದಳು.

"ಎಲ್ಲಿ ತಪ್ಪಿದೆ ಅಂತ ವಾರವೆಲ್ಲ ತಲೆ ಕೆಡಿಸ್ಕೊಂಡಿದ್ದೆ, ಗೊತ್ತಾ? ನನಗೇನೂ ಬರಲ್ಲ ಅಂತ ಅತ್ತಿದೀನಿ."

"ಮಾವನ ಹತ್ರ ನಾನೇ ಹೇಳ್ತೀನಿ."

"ಏನಂತ? ನಿಮ್ಮ ಸೋದರಸೊಸೆ ಮುಖ ನೋಡೋಕೆ ಬರ್ತಿದ್ದೆ ಅಂತನಾ? ಇರೋ ಕೌಂಟರೂ ಹೋಗುತ್ತೆ, ಅಷ್ಟೆ." ಅವಳ ಕಣ್ಣು ತುಂಬಿತ್ತು. "ಶನಿವಾರ ಬಂತಂದ್ರೆ ನಾನೂ ಬಾಗಿಲ ಕಡೆನೇ ನೋಡ್ತಿದ್ದೆ ಕಣ್ರೀ. ಟೀ ಕುಡಿಯೋಣ ಬನ್ನಿ ಅಂತ ಒಂದೇ ಒಂದು ಮಾತು ಕೇಳಿದ್ರೆ ಓಡಿ ಬರ್ತಿದ್ದೆ."

"ಈಗ ಕೇಳಿದ್ರೆ?"

"ಈಗ ನಿಮ್ಮ ಯಾವ ಮಾತನ್ನ ನಂಬ್ಲಿ?"

ಅವಳು ಕಣ್ಣೊರೆಸಿಕೊಂಡು ಟಕಟಕನೆ ಏನೋ ಒತ್ತಿ, ಲ್ಯಾಪ್‌ಟಾಪನ್ನು ಅವನತ್ತ ಸರಿಸಿದಳು.

"ವಿನಾಯಿತಿ ಕೊಟ್ಟಿದೀನಿ. ಅದಕ್ಕೆ ಪಾಸ್‌ವರ್ಡೂ ಹಾಕಿದೀನಿ. ಇನ್ನು ನೀವೇ ತೆಗೀತೀನಿ ಅಂದ್ರೂ ಆಗಲ್ಲ. ಹೋಗ್ಬನ್ನಿ ಅನ್ನಲ್ಲ. ಹೋಗಿ."

ಮನೆಗೆ ಬಂದು ಕ್ಲಿಕ್ ಮಾಡಿದ. ಆಟ ಮೊದಲ ಕ್ಲಿಕ್ಕಿಗೇ ಶುರುವಾಯಿತು. ಆಂಟಿವೈರಸ್ ಕಮಕ್ ಕಿಮಕ್ ಎನ್ನಲಿಲ್ಲ. ಎಲ್ಲವೂ ಸರಿಯಾಗಿತ್ತು. ಅವನು ಬಿಕ್ಕಿ ಬಿಕ್ಕಿ ಅತ್ತ.