ತಿರುವಿ ಕಟ್ಟಿದ ತಂತಿಗಳು

"ಮೊದಲ ಆ ಉಗುರು ತಗೀರಿ. ಗಿಟಾರ ಆಮ್ಯಾಲ!"

ಜಯದೇವಿಯ ಕಿವಿ ಬಿಸಿಯಾಯಿತು. ನಮಸ್ಕಾರ ಇಲ್ಲ, ಹೆಸರು ಕೇಳುವುದಿಲ್ಲ... ಗಿಟಾರ್ ಕಲಿಸುವ ಮಾಸ್ತರು ಆಡಿದ ಮೊದಲ ಮಾತೇ ಇದು!

ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲಿನ ಪುಟ್ಟ ಕೋಣೆ. ಕಿಟಕಿಯಿಂದ ಸಂಜೆಯ ಬಿಸಿಲು ಬಂದು ಗಿಟಾರಿನ ಮೈಮೇಲೆ ಮಲಗಿತ್ತು. ಅದರ ಪಕ್ಕದಲ್ಲಿ ಮೊಣಕಾಲ ಮೇಲೆ ಗಲ್ಲ ಊರಿ ಕೂತಿದ್ದವನು ಚೆನ್ನವೀರ. ಕಮಲಾಪುರದ ಬಾಳೆತೋಟದ ಮನೆಯ ಹುಡುಗ. ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಿದ್ದ. ಉಳಿದ ದಿನ ಇಲ್ಲಿ ಕಲಿಸಿ, ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಿದ್ದ.

"ಇವತ್ತ ಮಂಗಳವಾರ ರೀ," ಅಂದಳು ಜಯದೇವಿ, ಹುಬ್ಬು ಗಂಟಿಕ್ಕಿ. "ಮಂಗಳವಾರ ಯಾರರೆ ಉಗುರು ತಗೀತಾರೇನು?"

ಅವನು ತಲೆ ಎತ್ತಿ ನೋಡಿದ. ನಕ್ಕ.

"ಹಂಗಾರ ನಾಳಿ ಬರ್ರಿ. ತಂತಿಗಿ ವಾರ ತಿಥಿ ಗೊತ್ತಾಗಂಗಿಲ್ಲ, ಉಗುರು ಅಷ್ಟ ಗೊತ್ತಾಗ್ತದ."

'ಎಂಥಾ ಸೊಕ್ಕು!' ಎಂದುಕೊಂಡೇ ಮೆಟ್ಟಿಲಿಳಿದಳು. 'ಆದರೆ ನಗು ಯಾಕಿಷ್ಟು ಚಂದ?'

ಬುಧವಾರ ಉಗುರು ಕತ್ತರಿಸಿಕೊಂಡು ಹೋದಳು. ಹೋಗದೆ ಏನು ಮಾಡುತ್ತಾಳೆ ಪಾಪ! ಚಿಕ್ಕಪ್ಪನ ಮಗಳ ಮದುವೆಯಲ್ಲಿ ಗಿಟಾರ್ ಕೇಳಿದ ಮೇಲೆ ಅವಳಿಗೆ ಬೇರೆ ಧ್ಯಾನವೇ ಇರಲಿಲ್ಲ.

ಜಯದೇವಿ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಟೀಚರ್. ಮನೆಯಲ್ಲಿ ಅವಳಿಗೊಂದು ಕೆಟ್ಟ ಹೆಸರಿತ್ತು. ಹೊಲಿಗೆ ಅರ್ಧಕ್ಕೆ ಬಿಟ್ಟಳು, ಚಿತ್ರಕಲೆ ಅರ್ಧಕ್ಕೆ ಬಿಟ್ಟಳು, ಕಸೂತಿಯಂತೂ ಮೊದಲ ಹೂವಿಗೇ ನಿಂತಿತು. "ಈಕಿ ಹಿಡಿದ ಕೆಲಸ ಯಾವುದರೆ ಮುಗಿಸ್ಯಾಳೇನು?" ಎಂದು ಅಪ್ಪ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಒಳಗೊಳಗೇ ಅದು ಚುಚ್ಚುತ್ತಿತ್ತು.

'ಇದೊಂದನ್ನು ಬಿಡಬಾರದು... ಇದನ್ನೂ ಬಿಟ್ಟರೆ ನಾನು ನಿಜಕ್ಕೂ ಅಂಥವಳೇ!'

ಚೆನ್ನವೀರ ಮನೆಯಲ್ಲಿ ನುಡಿಸಲು ತನ್ನದೇ ಒಂದು ಗಿಟಾರ್ ಕೊಟ್ಟ.

"ಇದನ್ನ ಚೀಲದಾಗ ಮುಚ್ಚಿಡಬ್ಯಾಡ್ರಿ. ಕಣ್ಣಿಗಿ ಕಾಣಂಗ ಇಡ್ರಿ. ಬ್ಯಾಸರ ಬಂದ ದಿನ ಹಾದು ಹೋಗೋವಾಗ ಒಂದ ತಂತಿ ಮೀಟ್ರಿ ಸಾಕು. ಬಿಡಬಾರದು ಅಷ್ಟ."

ಅವಳು ಅದನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡಳು. ಬೆಳಿಗ್ಗೆ ಕಣ್ಣು ಬಿಟ್ಟರೆ ಗಿಟಾರ್. ಗಿಟಾರ್ ಕಂಡರೆ ಅವನ ಮುಖ. ಶಾಲೆಯಲ್ಲಿ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರೆ ಇವಳ ಬೆರಳು ಮೇಜಿನ ಮೇಲೆ ಅವನು ನುಡಿಸಿದ ಹಾಡನ್ನು ಹುಡುಕುತ್ತಿದ್ದವು.

ತಂತಿ ಒತ್ತುವ ಎಡಗೈ ಬೆರಳು ಉರಿದವು, ಗಟ್ಟಿಯಾದವು, ಬೇಗನೆ ಒಗ್ಗಿದವು. ತೊಂದರೆ ಇದ್ದದ್ದು ಬಲಗೈಯಲ್ಲಿ. ತಂತಿ ಮೀಟುವ ಆ ಕೈ ತಾಳಕ್ಕೆ ಬರಲೇ ಇಲ್ಲ! ಎಷ್ಟು ತಿದ್ದಿದರೂ ಅಷ್ಟೇ. ಅವಳ ಜೊತೆಗೆ ಕ್ಲಾಸಿಗೆ ಸೇರಿದವರು ಪೂರ್ತಿ ಹಾಡು ನುಡಿಸತೊಡಗಿದರು. ಇವಳದು ಮಾತ್ರ ಎರಡನೇ ಸಾಲಿಗೇ ಮುಗ್ಗರಿಸುತ್ತಿತ್ತು.

ಒಂದು ಸಂಜೆ ಚೆನ್ನವೀರ ಬಹಳ ಹೊತ್ತು ಅವಳ ಕೈಗಳನ್ನೇ ನೋಡುತ್ತ ಕೂತ. ಆಮೇಲೆ ಮೆಲ್ಲಗೆ ಅಂದ:

"ಸದ್ಯಕ್ಕ ನೀವು ಕ್ಲಾಸಿಗಿ ಬರಬ್ಯಾಡ್ರಿ. ಗಿಟಾರ ಇಲ್ಲೇ ಬಿಟ್ಟು ಹೋಗ್ರಿ. ನಾನ ಹೇಳಿ ಕಳಸ್ತೀನಿ."

ಜಯದೇವಿ ತಲೆ ಎತ್ತಿದಳು. "ಯಾಕ್ರೀ?"

"ಆಮ್ಯಾಲ ಹೇಳ್ತೀನಿ."

ಅವಳು ಗಿಟಾರ್ ಕೆಳಗಿಟ್ಟಳು. ಕಣ್ಣು ಮಂಜಾಗಿತ್ತು. ಖಾಲಿ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಮನೆಗೆ ಬಂದದ್ದೂ ಅವಳಿಗೆ ಗೊತ್ತಾಗಲಿಲ್ಲ.

ದಿನಗಳು ಹೋದವು. ಯಾರೂ ಹೇಳಿ ಕಳಿಸಲಿಲ್ಲ.

ಒಂದು ಶನಿವಾರ ಬಳೆ ಕೊಳ್ಳಲು ರೋಜಾ ಬಡಾವಣೆಯ ಕಡೆ ಹೋದಾಗ ಜಯದೇವಿ ತಟಕ್ಕನೆ ನಿಂತಳು. ವಾದ್ಯ ರಿಪೇರಿ ಮಾಡುವ ಖಮರುದ್ದೀನರ ಅಂಗಡಿಯಲ್ಲಿ ಅವಳ ಗಿಟಾರ್! ಒಂದು ತಂತಿಯೂ ಇಲ್ಲದೆ ಬೋಳಾಗಿ ನೇತಾಡುತ್ತಿತ್ತು.

"ಇದು... ಚೆನ್ನವೀರ ಅವರದಲ್ಲೇನ್ರೀ?"

"ಹೌದು ಬಾಯಿ. ಖಾಸ್ ಒಬ್ರ ಸಲುವಾಗಿ ಬ್ಯಾರೆ ತರಹ ಮಾಡ್ಸಾಕತ್ತಾರ. ಇವತ್ತ ಒಯ್ತಾರ," ಎಂದು ಖಮರುದ್ದೀನರು ನಕ್ಕರು. "ಯಾರಂತ ಕೇಳಿದ್ರ ಹೇಳವಲ್ರು!"

ಖಾಸ್ ಒಬ್ಬರು...! ಬಳೆ ಕೊಳ್ಳದೆ ಜಯದೇವಿ ತಿರುಗಿ ನಡೆದಳು. ತನ್ನ ಹಾಸಿಗೆಯ ಪಕ್ಕದಲ್ಲಿದ್ದ ಗಿಟಾರ್ ಇನ್ನು ಯಾವಳ ಮಡಿಲಿಗೋ!

'ನನ್ನಿಂದ ಆಗುವುದಿಲ್ಲ ಅಂತ ಅವನಿಗೂ ಗೊತ್ತಾಯಿತು. ಎಲ್ಲವನ್ನೂ ನಾನು ಬಿಡುತ್ತಿದ್ದೆ... ಈ ಸಲ ಅವನು ನನ್ನನ್ನೇ ಬಿಟ್ಟ.'

ಅತ್ತು ಅತ್ತು ಸಾಕಾಯಿತು. ಆಮೇಲೆ ಸಿಟ್ಟು ಬಂತು. ಸಿಟ್ಟು ಒಳ್ಳೆಯದೇ ಬಿಡಿ, ಅದಿಲ್ಲದಿದ್ದರೆ ಅವಳು ಕಮಲಾಪುರದ ಬಸ್ಸು ಹತ್ತುತ್ತಿರಲಿಲ್ಲ! ಭಾನುವಾರ ಬೆಳಿಗ್ಗೆ ಖಾಲಿ ಚೀಲ ಹಿಡಿದು ಹೊರಟೇಬಿಟ್ಟಳು. ಚೀಲವನ್ನು ಅವನ ಮುಖದ ಮೇಲೆ ಎಸೆದು, 'ನಿಮಗೆ ಇಷ್ಟ ಇಲ್ಲದಿದ್ದರೆ ಎದುರಿಗೇ ಹೇಳಬೇಕಿತ್ತು' ಅಂದು ಬರಬೇಕು. ದಾರಿಯುದ್ದಕ್ಕೂ ಅದೇ ಮಾತನ್ನು ಬಾಯಿಪಾಠ ಮಾಡಿದಳು.

ಕಮಲಾಪುರದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಕೆಂಪು ಬಾಳೆಗೊನೆಗಳನ್ನು ಸಾಲಾಗಿ ಮಲಗಿಸಿದ್ದರು. ಚೆನ್ನವೀರನ ತಾಯಿ ಶಾರದಾಬಾಯಿ ಒಣಗಿದ ಎಲೆ ಕೀಳುತ್ತ ಕೂತಿದ್ದರು. ಇವಳನ್ನೂ, ಹೆಗಲ ಮೇಲಿನ ಚೀಲವನ್ನೂ ನೋಡಿ ಎದ್ದೇ ನಿಂತರು.

"ನೀನೇನವ್ವ ಜಯದೇವಿ? ಬಾ, ಬಾ! ಈ ಮನ್ಯಾಗ ನಿನ್ನ ಎಡಗೈ ಮಾತ ಬಿಟ್ರ ಬ್ಯಾರೆ ಮಾತ ಇಲ್ಲ ನೋಡು!"

ಬಾಯಿಪಾಠ ಮಾಡಿದ ಮಾತೆಲ್ಲ ಮರೆತುಹೋಯಿತು. ಎಡಗೈ...?

ಅಷ್ಟರಲ್ಲಿ ಚೆನ್ನವೀರ ಹೊರಬಂದ. ಕೈಯಲ್ಲಿ ಅದೇ ಗಿಟಾರ್! ಹೊಸ ತಂತಿಗಳು ಫಳಫಳ ಹೊಳೆಯುತ್ತಿದ್ದವು.

"ನಾಳಿ ನಾನ ಹೇಳಿ ಕಳಸವ ಇದ್ದೆ..." ಎಂದು ತಡವರಿಸಿದ. "ತಿರುವಿ ಕಟ್ಟಿಸೀನಿ ರೀ. ಎಡಗೈಲೆ ಮೀಟೋ ಹಂಗ. ಬಲಗೈಲೆ ತಂತಿ ಒತ್ತೋ ಹಂಗ."

"ನಾ... ಎಡಚಿ ಅಂತ ಯಾರ ಹೇಳಿದ್ರು?"

"ನೀವ ಹೇಳಿದ್ರಿ. ನಾ ನುಡಸೋವಾಗ ನಿಮ್ಮ ಎಡಗೈ ತಾಳ ಹಾಕ್ತದ. ಎಂದೂ ತಪ್ಪಿಲ್ಲ. ನಾ ನೋಡಿದ ಕೂಡ್ಲೇ ಸೆರಗಿನಾಗ ಮುಚ್ಕೋತೀರಿ. ಅದಕ್ಕ ಕೇಳಾಕ ಧೈರ್ಯ ಆಗ್ಲಿಲ್ಲ. ಮಾಡೇ ತೋರಸ್ಬೇಕಂದೆ."

ಜಯದೇವಿ ಕಟ್ಟೆಯ ಮೇಲೆ ಕೂತಳು. ಎಷ್ಟೋ ವರ್ಷಗಳಿಂದ ಮುಚ್ಚಿಟ್ಟಿದ್ದ ಒಂದು ನೆನಪು ಎದ್ದು ಬಂತು. ಚಿಕ್ಕವಳಿದ್ದಾಗ ಎಡಗೈಯಲ್ಲಿ ಬಳಪ ಹಿಡಿದರೆ ಅವಳು ಆಯಿ ಎನ್ನುತ್ತಿದ್ದ ಅಜ್ಜಿ ವಿಮಲಾಬಾಯಿ ಆ ಕೈಗೆ ಅರಿವೆ ಸುತ್ತಿ ಕಟ್ಟುತ್ತಿದ್ದರು. ಪ್ರೀತಿಯಿಂದಲೇ, ಮುತ್ತು ಕೊಟ್ಟೇ ಕಟ್ಟುತ್ತಿದ್ದರು.

"ಆಯಿ ಹೇಳ್ತಿದ್ಳು ರೀ... ಎಡಗೈ ಪೂಜಾದಾಗ ಲಿಂಗ ಹಿಡಿಯೋ ಕೈ. ಅದು ಸುಮ್ಮನ ಇರ್ಬೇಕು, ಕೆಲಸೆಲ್ಲಾ ಬಲಗೈನ ಮಾಡ್ಬೇಕು ಅಂತ."

ಚೆನ್ನವೀರ ಅವಳ ಪಕ್ಕ ಕೂತ. ಗಿಟಾರನ್ನು ಅವಳ ಮಡಿಲಲ್ಲಿ ಎಡಬಲ ತಿರುಗಿಸಿ ಇಟ್ಟ.

"ಲಿಂಗ ಹಿಡಿಯೋ ಕೈಯಾಗ ನಾದ ಬರಬಾರ್ದು ಅಂತ ಯಾರೂ ಹೇಳಿಲ್ಲಲ್ರೀ?"

ಅವನೇ ಬೆರಳಿಟ್ಟು ತಂತಿ ಒತ್ತಿ ಹಿಡಿದ. ಅವಳ ಎಡಗೈ ತಂತಿಗಳ ಮೇಲೆ ಇಳಿಯಿತು.

ತಂತಿಗಳೆಲ್ಲ ಒಟ್ಟಿಗೆ ತುಂಬಿ ಮೊಳಗಿದವು.

ಮತ್ತೆ ಮೀಟಿದಳು. ತಾಳ ತಪ್ಪಲಿಲ್ಲ! ಅವನು ಸ್ವರ ಬದಲಿಸಿದ, ಅವಳ ಕೈ ತಾನಾಗಿ ಹಿಂಬಾಲಿಸಿತು. ಬಾಳೆಗೊನೆ, ಅಂಗಳ, ಬಿಸಿಲು ಎಲ್ಲ ದೂರ ದೂರ ಸರಿದಂತಾಯಿತು. ಇಬ್ಬರ ನಡುವೆ ಒಂದೇ ಗಿಟಾರ್. ಅವನ ಕೈ ಒಂದು, ಅವಳ ಕೈ ಒಂದು.

'ಹೊಲಿಗೆ, ಚಿತ್ರಕಲೆ, ಕಸೂತಿ... ಎಲ್ಲವನ್ನೂ ಒಗ್ಗದ ಬಲಗೈಯಲ್ಲೇ ಮಾಡಿದ್ದೆ. ನಾನು ಸೋಮಾರಿ ಆಗಿರಲಿಲ್ಲ. ನಾನು ಬಿಡುವವಳೇ ಆಗಿರಲಿಲ್ಲ!' ಕಣ್ಣೀರು ತಡೆಯಲಾಗಲಿಲ್ಲ.

"ಅಳಬ್ಯಾಡ್ರಿ..." ಚೆನ್ನವೀರ ಗಾಬರಿಯಾದ. ಆಮೇಲೆ ತಲೆ ತಗ್ಗಿಸಿ ಅಂದ, "ಇನ್ನೊಂದು ಮಾತದ. ಆ ಕೈ ನೋಡ್ಕೋತ ನೋಡ್ಕೋತ... ಕೈಯಾಕಿ ಮ್ಯಾಲ ಮನಸ ಹೋತು. ನಮ್ಮವ್ವನ್ನ ನಿಮ್ಮ ಮನೀಗಿ ಕಳಸ್ಲೇನ್ರೀ?"

ಬಾಳೆಗೊನೆಗಳ ಸಾಲಿನಾಚೆ ಶಾರದಾಬಾಯಿ ಸುಮ್ಮನೆ ಕೆಮ್ಮಿದರು.

ಜಯದೇವಿಗೆ ಅಳುವಿನ ನಡುವೆಯೇ ನಗು ಬಂತು.

"ಎಡಗೈ ಬೆರಳ ಗಟ್ಟಿ ಮಾಡ್ಕೊಂಡಿದ್ದೆಲ್ಲ ದಂಡ ಆತಲ್ರೀ!"

"ಹೌದು. ಮತ್ತ ಮೊದಲಿಂದ ಶುರು. ಈ ಸಲ ಬಲಗೈ ಬೆರಳ ಉರೀತಾವ. ಬ್ಯಾಸರ ಬರ್ತದ. ನಡುವ ಬಿಟ್ಟಬಿಡ್ಬೇಕು ಅನಸ್ತದ ನೋಡ್ರಿ."

ಅವಳು ಎಡಗೈಯನ್ನು ಸೆರಗಿನಲ್ಲಿ ಮುಚ್ಚಲಿಲ್ಲ. ಅವನ ಕೈಯಲ್ಲಿಟ್ಟಳು.

"ಕಳಸ್ರಿ ನಿಮ್ಮವ್ವನ್ನ," ಅಂದಳು ಮೆಲ್ಲಗೆ. "ನಾ ಬಿಡಂಗಿಲ್ಲ. ಗಿಟಾರನೂ ಬಿಡಂಗಿಲ್ಲ... ನಿಮ್ಮನ್ನೂ ಬಿಡಂಗಿಲ್ಲ."