ಡೋಲಿನ ಸಿಪಾಯಿಯ ಎಡಗೆನ್ನೆ

"ಯಾರ್ರೀ ಇದಕ್ಕೆ ಬಣ್ಣ ಬಳಿದಿದ್ದು?!"

ಅಂಗಡಿಯ ಗಾಜಿನ ಮೇಜಿನ ಮೇಲೆ ಹೆಬ್ಬೆರಳೆತ್ತರದ ಸೀಸದ ಸಿಪಾಯಿ ನಿಂತಿದ್ದ. ಕೆಂಪು ಕೋಟು, ಬಿಳಿ ಪಟ್ಟಿ, ಸೊಂಟಕ್ಕೆ ನೀಲಿ ಡೋಲು. ಅವನ ಮೇಲೆ ಬಗ್ಗಿದ್ದ ಗಿರಾಕಿಯ ಮುಖ ಮಾತ್ರ ಆ ಕೋಟಿಗಿಂತ ಕೆಂಪಾಗಿತ್ತು.

"ನಾನೇ," ಎಂದಳು ಅವಳು, ಕುಂಚ ಒರೆಸಿಕೊಳ್ಳುತ್ತಾ. ಮುರಿದಿದ್ದ ಡೋಲಿನ ಕಡ್ಡಿಗೂ ತಂತಿ ಕೂರಿಸಿ, ಮೂರು ದಿನ ಭೂತಗನ್ನಡಿ ಹಿಡಿದು ಕೂತು ಮಾಡಿದ ಕೆಲಸ. ಮೆಚ್ಚುಗೆ ಬರುತ್ತದೆ ಎಂದುಕೊಂಡಿದ್ದಳು, ಪಾಪ!

"ಚೆನ್ನಾಗಿದೆ ಅಲ್ವಾ?"

"ಮುರಿದ ಡೋಲಿನ ಕಡ್ಡಿ ಸರಿಮಾಡಿ ಅಂದ್ರೆ, ಮದುಮಗನ ಥರ ಸಿಂಗಾರ ಮಾಡಿ ನಿಲ್ಲಿಸಿದ್ದೀರಲ್ರೀ! ನಮ್ಮನೇಲಿರೋ ಸಿಪಾಯಿಗಳೆಲ್ಲಾ ಬೋಳು. ಒಂದಕ್ಕೂ ಬಣ್ಣ ಸೋಕಿಲ್ಲ!"

ಅವಳು ಮೆಲ್ಲಗೆ ಅಂಗಡಿ ನಡೆಸುವ ಚಿಕ್ಕಪ್ಪನ ಕಡೆ ತಿರುಗಿದಳು. ಆ ಗೊಂಬೆ ಅಂಗಡಿಯಲ್ಲಿ ಇದ್ದದ್ದು ಒಂದೇ ಕಟ್ಟಳೆ. ಬಣ್ಣ ಹಚ್ಚಬೇಕಾದ ಬೋಳು ಗೊಂಬೆ ಎಡಗಡೆ ಹಲಗೆಗೆ, ರಿಪೇರಿಗೆ ಬಂದ ಬಣ್ಣದ ಗೊಂಬೆ ಬಲಗಡೆ ಹಲಗೆಗೆ. ಬೋಳು ಗೊಂಬೆಯನ್ನೇ ರಿಪೇರಿಗೆ ತರುವ ಆಸಾಮಿಯನ್ನು ಚಿಕ್ಕಪ್ಪ ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ಈ ಸಿಪಾಯಿಯನ್ನು ಹಿಡಿದ ಅವರ ಕೈ ತಾನಾಗಿ ಎಡಗಡೆ ಹಲಗೆಗೆ ಹೋಗಿತ್ತು. ಈಗ ಏನೂ ಅರಿಯದವರಂತೆ ಕನ್ನಡಕ ಒರೆಸುತ್ತಿದ್ದರು.

"ತಪ್ಪಾಯ್ತು ರೀ. ದ್ರಾವಕದಲ್ಲಿ ನೆನೆಹಾಕಿ ಬಣ್ಣ ತೆಗೆದುಕೊಡ್ತೀನಿ," ಎಂದಳು. "ಆದ್ರೆ ಒಂದು ಹೇಳ್ತೀನಿ. ಅವನ ಎಡಗೆನ್ನೇಲಿ ಒಂದು ಸಣ್ಣ ಗುಳಿ ಇದೆ. ಎರಕ ಹೊಯ್ಯುವಾಗ ಆದ ದೋಷ ಅಂತ ಮುಚ್ಚೋಕೆ ಹೋದೆ, ಕೈ ಬರಲಿಲ್ಲ. ಅದರಲ್ಲೇ ಅವನ ಜೀವ ಇದೆ ಅನ್ನಿಸ್ತು."

ಗಿರಾಕಿ ಸಿಪಾಯಿಯನ್ನು ಬೆಳಕಿಗೆ ಹಿಡಿದು ನೋಡಿದ... ಬಹಳ ಹೊತ್ತು ನೋಡಿದ.

"ಬೇಡ. ನಾನೇ ತೆಗೀತೀನಿ," ಎಂದವನೇ ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟೇಹೋದ.

ಪೀಡೆ ತೊಲಗಿತು ಅಂದುಕೊಂಡಳು. ಎಲ್ಲಿ ತೊಲಗುತ್ತೆ! ಮುಂದಿನ ವಾರ ಮತ್ತೆ ಹಾಜರ್.

ಅವನ ಮನೆಯ ಕಪಾಟಿನ ಒಂದು ಹಲಗೆ ಕುಸಿದು ಇನ್ನೂ ಎಂಟು ಸಿಪಾಯಿಗಳು ಮುರಿದಿದ್ದವಂತೆ. ವಾರಕ್ಕೆ ಒಂದರಂತೆ ತರುತ್ತಿದ್ದ. ಒಟ್ಟಿಗೆ ಎಂಟೂ ಕೊಟ್ಟರೆ ಎಂಟಕ್ಕೂ ಲಿಪ್‌ಸ್ಟಿಕ್ ಹಚ್ಚಿಬಿಡ್ತೀರಿ ಎನ್ನುವುದು ಅವನ ವಾದ. ಅವಳು ಅವನಿಗೆ 'ಬೋಳು ಸಾಹೇಬ್ರು' ಎಂದು ಹೆಸರಿಟ್ಟಳು. ತಲೆ ತುಂಬ ಕೂದಲಿತ್ತು, ಅದು ಬೇರೆ ಮಾತು.

"ಬಂದೂಕು ಕೂದಲೆಳೆಯಷ್ಟು ಬಾಗಿದೆ."

"ನಿಮ್ಮ ಕತ್ತು ಬಾಗಿದೆ. ನೆಟ್ಟಗೆ ನಿಂತು ನೋಡಿ!"

ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವುದು ಅವನ ಕಸುಬು. ಕೂದಲೆಳೆಯ ವ್ಯತ್ಯಾಸ ಹುಡುಕುವುದೇ ಅವನ ಅನ್ನ. ಆದರೆ ಅವಳ ತಲೆ ಚಿಟ್ಟು ಹಿಡಿಯುತ್ತಿತ್ತಲ್ಲ!

"ಬಣ್ಣ ಕಂಡ್ರೆ ಯಾಕ್ರೀ ಅಷ್ಟು ಕೋಪ?" ಎಂದು ಒಂದು ದಿನ ರೇಗಿಯೇ ಕೇಳಿದಳು.

"ಇವನ್ನೆಲ್ಲ ಕೆತ್ತಿ, ಅಚ್ಚು ತೆಗೆದು ಎರಕ ಹೊಯ್ದಿದ್ದು ನಮ್ಮಮ್ಮ. ಈಗ ಅವರಿಲ್ಲ," ಎಂದ. "ಈ ಗುಂಡಿ, ಈ ನೆರಿಗೆ... ಎಲ್ಲದರಲ್ಲೂ ಅವರ ಚಾಕುವಿನ ಗೆರೆ ಇದೆ. ಬಣ್ಣ ಹಚ್ಚಿದ್ರೆ ಅದು ಮುಚ್ಚಿಹೋಗುತ್ತೆ."

ಆ ದಿನ ಅವಳು ಜಗಳ ಆಡಲಿಲ್ಲ.

ಅಂದಿನಿಂದ ಎಲ್ಲ ತಲೆಕೆಳಗಾಯಿತು. ಅವನು ಬರುವ ದಿನ ಬೆಳಗ್ಗೆಯೇ ಮೇಜು ಒರೆಸಿಡುವುದು, ಬಾಗಿಲ ಸದ್ದಾದರೆ ಎದೆ ಧಸಕ್ಕೆನ್ನುವುದು... ಅಯ್ಯೋ, ಈ ಗಂಟುಮುಖದವನ ಮೇಲೇ ಮನಸ್ಸಾಗಬೇಕಿತ್ತಾ ನನಗೆ? ಒಂದು ದಿನವಾದರೂ ನಕ್ಕವನಲ್ಲ!

"ಡೋಲಿನವನ ಬಣ್ಣ ತೆಗೆದ್ರಾ?" ಎಂದು ಪ್ರತಿ ಸಲ ಕೇಳುತ್ತಿದ್ದಳು.

"ಪುರುಸೊತ್ತಾಗಿಲ್ಲ."

ಅಷ್ಟಕ್ಕೇ ಅವಳ ಇಡೀ ವಾರ ಹಗುರವಾಗುತ್ತಿತ್ತು. ಆ ಬಣ್ಣ ಉಳಿದಿರುವವರೆಗೆ ತನಗೂ ಅವನ ಮನೆಯಲ್ಲೊಂದು ಜಾಗವಿದೆ ಎಂದು ಹುಚ್ಚು ಮನಸ್ಸು ನಂಬಿತ್ತು.

ಎಂಟನೆಯ ಸಿಪಾಯಿ ತಯಾರಾದಾಗ ಅವನು ಬರಲಿಲ್ಲ. ಕೆಲಸದ ಒತ್ತಡ ಎಂದು ಫೋನು ಬಂತು.

"ನೀನೇ ಹೋಗಿ ಕೊಟ್ಟು ಬಾರಮ್ಮ," ಎಂದರು ಚಿಕ್ಕಪ್ಪ, ಮೀಸೆಯಡಿಯಲ್ಲೇ ನಗುತ್ತಾ.

ಅವನ ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಸಾಲಾಗಿ ಪ್ಲಾಸ್ಟರಿನ ದವಡೆಗಳು, ಎದುರಿಗೆ ಗಾಜಿನ ಕಪಾಟು. ಕಪಾಟಿನಲ್ಲಿ ಬೂದುಬಣ್ಣದ ಬೋಳು ದಂಡು. ಮುಂದಿನ ಸಾಲಿನ ನಟ್ಟನಡುವೆ... ಡೋಲಿನ ಸಿಪಾಯಿ.

ಬೋಳಾಗಿ.

ಅವಳ ಕಣ್ಣು ತುಂಬಿಬಂತು. "ಅಂತೂ ಪುರುಸೊತ್ತಾಯ್ತು ನಿಮಗೆ!" ಎಂದವಳೇ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. "ತಗೊಳ್ಳಿ ನಿಮ್ಮ ಎಂಟನೆಯವನನ್ನ. ಇನ್ಮೇಲೆ ಬೇರೆ ಅಂಗಡಿ ನೋಡ್ಕೊಳ್ಳಿ!"

"ಅಯ್ಯೋ, ಸ್ವಲ್ಪ ಕೇಳ್ರೀ..."

ಹೊರಡುವ ಮುನ್ನ ಕೊನೆಯ ಸಲ ಕಪಾಟು ನೋಡಿದಳು. ನೋಡಿದವಳು ಅಲ್ಲೇ ನಿಂತಳು. ಮುರಿದ ಕಡ್ಡಿಯ ಬದಲಿಗೆ ತಾನು ಕೂರಿಸಿದ್ದು ತಾಮ್ರದ ತಂತಿ. ಬಣ್ಣ ತೆಗೆದಿದ್ದರೆ ಆ ತಾಮ್ರ ಕೆಂಪಗೆ ಕಾಣಬೇಕಿತ್ತು. ಇಲ್ಲಿ ಕಡ್ಡಿ ತುದಿಯವರೆಗೂ ಬೂದುಬಣ್ಣ!

"ಇವನು ನನ್ನವನಲ್ಲ!"

ಅವನು ಕಳ್ಳ ಸಿಕ್ಕಿಬಿದ್ದ ಹಾಗೆ ತಲೆ ತಗ್ಗಿಸಿದ. "ಅಮ್ಮನ ಅಚ್ಚುಗಳಲ್ಲಿ ಉಳಿದಿದ್ದು ಅದೊಂದೇ. ಸಾಲು ಖಾಲಿ ಕಾಣಬಾರದು ಅಂತ ಹೊಸದಾಗಿ ಎರಕ ಹೊಯ್ದೆ."

"ಹಾಗಾದ್ರೆ... ಅವನೆಲ್ಲಿ?"

ಅವನು ಅಂಗಿಯ ಜೇಬಿನಿಂದ ಕರವಸ್ತ್ರದ ಪುಟ್ಟ ಗಂಟು ತೆಗೆದು ಬಿಚ್ಚಿದ. ಕೆಂಪು ಕೋಟು, ನೀಲಿ ಡೋಲು. ಒಂದು ಚಕ್ಕೆ ಬಣ್ಣವೂ ಎದ್ದಿರಲಿಲ್ಲ.

"ನೀವು ಗುಳಿ ತೋರಿಸಿದ ದಿನದಿಂದ ಜೊತೆಗೇ ಇಟ್ಕೊಂಡಿದ್ದೀನಿ. ಬೋಳಾಗಿದ್ದಾಗ ಅಷ್ಟು ವರ್ಷ ನೋಡಿದ್ರೂ ನನಗೆ ಕಂಡಿರಲಿಲ್ಲ ಅದು. ದೋಷ ಅಲ್ಲ ರೀ, ಅಮ್ಮ ಬೇಕಂತಲೇ ಕೆತ್ತಿದ್ದು."

"ಅದನ್ನ ಅವತ್ತೇ ಹೇಳೋಕೆ ಏನಾಗಿತ್ತು ನಿಮಗೆ? ಎಂಟು ವಾರ, ಎಂಟು ವಾರ ನನ್ನ ಜೀವ ತಿಂದ್ರಿ!"

"ಬಣ್ಣವೇ ಬೇಡ ಅಂತ ಅಂಗಡಿ ತುಂಬ ಕೂಗಾಡಿದ್ದೆ. ಮತ್ತೆ ಯಾವ ಮುಖ ಇಟ್ಕೊಂಡು ಹೇಳ್ಲಿ? ಬಣ್ಣ ಹಚ್ಚಿದೋಳನ್ನೂ ಬಿಟ್ಟಿರೋಕೆ ಆಗ್ತಿಲ್ಲ ಅಂತ ಹೇಗ್ ಹೇಳ್ಲಿ? ಅದಕ್ಕೇ... ವಾರಕ್ಕೆ ಒಂದು ಸಿಪಾಯಿ."

"ಅಂದ್ರೆ, ಲಿಪ್‌ಸ್ಟಿಕ್ ಭಯ ಸುಳ್ಳಾ?"

ಆಗ ಅವನು ನಕ್ಕ. ಅಷ್ಟು ವಾರಗಳಲ್ಲಿ ಮೊದಲ ಸಲ. ಅವಳು ಉಸಿರು ಬಿಡುವುದನ್ನೂ ಮರೆತು ನೋಡಿದಳು. ಅವನ ಎಡಗೆನ್ನೆಯಲ್ಲಿ ಒಂದು ಸಣ್ಣ ಗುಳಿ ಬಿದ್ದಿತ್ತು.

ಅವಳ ಬೆರಳು ತಾನಾಗಿ ಅಲ್ಲಿಗೆ ಹೋಯಿತು. "ಇದನ್ನ ಇಷ್ಟು ದಿನ ಮುಚ್ಚಿಟ್ಟಿದ್ರಲ್ಲ, ಮಹಾನುಭಾವ!"

"ನೀವು ಜಗಳ ಬಿಟ್ರೆ ತಾನೇ ನಗೋದು?"

"ಜಗಳ ಬಿಡಲ್ಲ," ಎಂದಳು, ಕೆನ್ನೆಯಿಂದ ಬೆರಳು ತೆಗೆಯದೆ. "ನೀವು ನಗೋದನ್ನ ಬಿಡಬೇಡಿ."